ಐವತ್ತು ಸೆಕೆಂಡು

“ಇದನ್ನೂ ಒಂದು ಪಾಠ ಅಂತ ಹೇಳಿಕೊಡ್ತೀರಾ?” ಯುದ್ಧ ಹೆಲಿಕಾಪ್ಟರಿನ ಸಿಮ್ಯುಲೇಟರ್‌ನಲ್ಲಿ ಕೂರುತ್ತಲೇ ಅಪ್ಪ ಮೂಗು ಮುರಿದರು. ಗುರಿ ಎಲ್ಲಿದೆ ಎಂಬುದನ್ನು ತಿಳಿಸುವ ಅಂಕಿಗಳನ್ನು ಕೈಯಿಂದ ಒಂದೊಂದಾಗಿ ಒತ್ತಿ ಯಂತ್ರಕ್ಕೆ ಉಣಿಸುವ ಅಭ್ಯಾಸ ಅದು. ತರಬೇತಿಯ ಹುಡುಗರು ಬೆಳಗ್ಗೆಯಿಂದ ಅದರಲ್ಲೇ ಎಡವುತ್ತಿದ್ದರು. ಅವರಿಗೆ ಕಲಿಸುವವಳು ಮಗಳು. ಅಪ್ಪ ನಿವೃತ್ತ ಪೈಲಟ್, ಅವತ್ತಿನ ಮುಖ್ಯ ಅತಿಥಿ. ಒಮ್ಮೆ ಮಾಡಿ ತೋರಿಸಿ ಎಂದು ಯಾರೋ ಬಾಯಿಮಾತಿಗೆ ಅಂದದ್ದೇ ತಡ, ಕೋಟು ಬಿಚ್ಚಿ ಒಬ್ಬ ಹುಡುಗನ ಕೈಗೆ ಕೊಟ್ಟು ಒಳಗೆ ಹತ್ತಿಬಿಟ್ಟಿದ್ದರು.

“ಇದು ನಾನು ಹಾರಿಸಿದ ಹೆಲಿಕಾಪ್ಟರೇ. ಕೀಲಿಗಳೂ ಅವೇ. ನಮ್ಮ ಕಾಲದಲ್ಲಿ ಕೆಳಗಿಂದ ಗುಂಡು ಬರ್ತಿರುವಾಗ ಒತ್ತುತ್ತಿದ್ವಿ. ನಿನ್ನ ಹುಡುಗರಿಗೆ ಮನೆಗೆ ಹೋಗೋಕೂ ಫೋನ್ ದಾರಿ ತೋರಿಸ್ಬೇಕು.” ಸ್ಪೀಕರ್‌ನಲ್ಲಿ ಈ ಮಾತು ಕೇಳಿ ಗಾಜಿನಾಚೆ ನಿಂತಿದ್ದ ಹುಡುಗರು ಹಲ್ಲು ಕಿರಿದರು. ಮಗಳಿಗೆ ಮೈ ಉರಿಯಿತು. ಆ ಹುಡುಗರ ಹಿಂದೆ ಬಿದ್ದು ದುಡಿಯುತ್ತಿದ್ದವಳು ಅವಳು.

ನಕ್ಷೆಯಲ್ಲಿ ಜಾಗವನ್ನೂ ನಿಮಿಷ, ಸೆಕೆಂಡುಗಳಲ್ಲೇ ಅಳೆಯುತ್ತಾರೆ. ಗುರಿ ಒಂದು ಸೇತುವೆ. ಮಗಳು ಮೈಕಿನಲ್ಲಿ ಅಂಕಿಗಳನ್ನು ಓದುತ್ತ ಹೋದಳು. ಕೊನೆಯಲ್ಲಿ, “ನಲವತ್ತೆರಡು ನಿಮಿಷ, ಐವತ್ತು ಸೆಕೆಂಡು” ಎಂದಳು. ಅಪ್ಪನ ಬೆರಳು ಸರಸರ ಓಡಿತು: ನಲವತ್ತೆರಡು, ಚುಕ್ಕೆ, ಐದು, ಸೊನ್ನೆ. ಮಗಳ ಪರದೆಯಲ್ಲಿ ಅದು ಮೂಡಿತು. ಹುಡುಗರಾಗಿದ್ದರೆ ಅಲ್ಲೇ ತಡೆದು ಗದರುತ್ತಿದ್ದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಒಂದು ಸಲ ಮುಖಭಂಗವಾಗಲಿ ಎಂದು ಸುಮ್ಮನಿದ್ದಳು.

ಕ್ಷಿಪಣಿ ಹೊರಟಿತು. ದೂರದಲ್ಲಿ ಬೆಂಕಿ ಎದ್ದಿತು, ಹೊಗೆ ಎದ್ದಿತು. ಸೇತುವೆ ಮಾತ್ರ ಕೂದಲೂ ಕೊಂಕದೆ ನಿಂತಿತ್ತು. ಅತಿಥಿಗಳು ಏನು ಮಾಡಿದರೂ ಚಪ್ಪಾಳೆ ತಟ್ಟಬೇಕೆಂದು ಮೊದಲೇ ಹೇಳಿಸಿಕೊಂಡಿದ್ದ ಹುಡುಗರು ಜೋರಾಗಿ ತಟ್ಟಿದರು.

ಮಗಳು ಸ್ಪೀಕರ್ ಆರಿಸಿದಳು. ಈಗ ಮಾತು ಅವರಿಬ್ಬರ ಕಿವಿಯಲ್ಲಿ ಮಾತ್ರ.

“ಅಪ್ಪ, ಅರ್ಧ ಕಿಲೋಮೀಟರಿಗೂ ಆಚೆ ಬಿತ್ತು. ಚುಕ್ಕೆ ಆದ್ಮೇಲೆ ಈ ಯಂತ್ರ ಕೇಳೋದು ಸೆಕೆಂಡು ಅಲ್ಲ, ನಿಮಿಷದ ಭಾಗ. ಐವತ್ತು ಸೆಕೆಂಡು ಅಂದ್ರೆ ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ. ನೀವು ಒತ್ತಿದ್ದು ಅರ್ಧ ನಿಮಿಷ.”

“ನನಗೆ ಲೆಕ್ಕ ಹೇಳಿಕೊಡ್ಬೇಡ. ನಿಮ್ಮ ಯಂತ್ರ ಕೆಟ್ಟಿದೆ. ಆವತ್ತು ಯುದ್ಧದಲ್ಲಿ ನದಿ ಸೇತುವೆಗೆ ಹೊಡೆದಾಗ್ಲೂ ಚೀಟೀಲಿ ಸೆಕೆಂಡೇ ಇತ್ತು. ಹೀಗೇ ಒತ್ತಿದ್ದು ನಾನು.”

ಸ್ಪೀಕರಿನ ಗುಂಡಿಯ ಮೇಲಿದ್ದ ಮಗಳ ಕೈ ಅಲ್ಲೇ ನಿಂತಿತು. ಆ ‘ಆವತ್ತಿನ’ ಕಥೆ ಅವರ ಮನೆಗೆ ಬಂದ ಯಾವ ನೆಂಟರನ್ನೂ ಬಿಟ್ಟಿರಲಿಲ್ಲ. ಯಾವ ಮಾತಿಗೆ ಉಸಿರು ಬಿಗಿಹಿಡಿಯಬೇಕು, ಯಾವುದಕ್ಕೆ ನಿಟ್ಟುಸಿರು ಬಿಡಬೇಕು ಎಂಬುದೆಲ್ಲ ಅಮ್ಮನಿಗೆ ಬಾಯಿಪಾಠವಾಗಿತ್ತು. ಮಗಳು ಈ ಕೆಲಸ ಹಿಡಿದದ್ದೂ ಅದನ್ನು ಕೇಳಿ ಕೇಳಿಯೇ. ಅಪ್ಪನ ಮುಖಭಂಗ ಅವಳಿಗೀಗ ಬೇಡವಾಗಿತ್ತು. ಆದರೂ ಕೇಳದೆ ಇರಲಾಗಲಿಲ್ಲ.

“ಆವತ್ತು ಸೇತುವೆ ಬಿದ್ದಿದ್ದನ್ನ ನೀವು ನೋಡಿದ್ರಾ?”

“ನಿಂತು ನೋಡೋಕೆ ಅದೇನು ಬಾಣಬಿರುಸಾ? ಹೊಗೆ ಎದ್ದಿತು, ತಿರುಗಿಸಿಕೊಂಡು ಬಂದ್ವಿ.”

“ಹೊಗೆ ಎದ್ದಿದ್ದು ಎಲ್ಲಿಂದ, ಅಪ್ಪ?”

ಗಾಜಿನಾಚೆ ಹುಡುಗರು ಅಪ್ಪನ ಜತೆ ಫೋಟೊ ತೆಗೆಸಿಕೊಳ್ಳಲು ಕೂದಲು ಸರಿಮಾಡಿಕೊಂಡು ಸಾಲಾಗಿ ನಿಂತಿದ್ದರು. ಅಪ್ಪ ಅವರತ್ತ ಕೈಬೀಸಿದರು. ದನಿ ಮತ್ತೆ ಗಟ್ಟಿಯಾಯಿತು.

“ಈಗ ಏನು ಮುಳುಗಿಹೋಯ್ತು? ಸರಿಯಾಗಿ ನೋಡು. ಕ್ಷಿಪಣಿ ಬಿದ್ದಿದ್ದು ಬಟಾಬಯಲಲ್ಲಿ. ಒಂದು ನರಪಿಳ್ಳೆ ಇಲ್ಲ ಅಲ್ಲಿ.”

ಮಗಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. ಪರದೆಯ ಆ ನಾಡನ್ನು ಸೃಷ್ಟಿಸಿದವರು ಸೇತುವೆಯ ಒಂದೊಂದು ಮೊಳೆಯನ್ನೂ ಮೂಡಿಸಿದ್ದರು. ಅದರಾಚೆಗೆ ಬರೀ ಹಸಿರು ಬಳಿದು ಕೈತೊಳೆದುಕೊಂಡಿದ್ದರು.

“ಜನ ಇಲ್ಲ ಅಂತಲ್ಲ, ಅಪ್ಪ. ಯಾರೂ ಅವರ ಚಿತ್ರ ಬಿಡಿಸೋಕೆ ಹೋಗಿಲ್ಲ, ಅಷ್ಟೇ.”