ಗಮನಕ್ಕೆ ಬಂದ ದಿನಾಂಕ

"ಮಗು ಏನಾದರೂ ಹೇಳಿಕೊಂಡರೆ, ಯಾರಿಗೂ ಹೇಳುವುದಿಲ್ಲ ಎಂದು ಶಿಕ್ಷಕರು ಮಾತು ಕೊಡಬಾರದು" ಎಂದು ತರಬೇತಿಯಲ್ಲಿದ್ದ ಶಿಕ್ಷಕಿ ಓದಿದಳು. ಶಿಕ್ಷಕರ ಕಾನೂನು ಮತ್ತು ವೃತ್ತಿ ಜವಾಬ್ದಾರಿಗಳ ಬಗ್ಗೆ ಅವಳು ಸಿದ್ಧಪಡಿಸಿದ್ದ ಹನ್ನೆರಡು ಪುಟಗಳಲ್ಲಿ ಏಳನೆಯದು ಪರದೆಯ ಮೇಲಿತ್ತು. ಕೆಳಗಿನ ಸಾಲು ದಪ್ಪಕ್ಷರದಲ್ಲಿತ್ತು: ಅನುಮಾನ ಬಂದ ದಿನವೇ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು. ಹಿಂದಿನ ದಿನ ಟೈಪ್ ಮಾಡುವಾಗ ಏನೂ ಅನಿಸಿರಲಿಲ್ಲ. ಈಗ ಸಹಪಾಠಿಗಳ ಎದುರು ಅದನ್ನು ತನ್ನದೇ ದನಿಯಲ್ಲಿ ಕೇಳಿದಾಗ ಅದೇ ಸಾಲನ್ನು ಮತ್ತೊಮ್ಮೆ ಓದಿದಳು.

ಅಂಕ ಹಾಕಲು ಮುಂದಿನ ಸಾಲಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಕಾಲೇಜಿನ ಉಪನ್ಯಾಸಕರು, ಇನ್ನೊಬ್ಬರು ಅವಳು ಪಾಠ ಮಾಡಲು ಹೋಗುತ್ತಿದ್ದ ಎದುರಿನ ಶಾಲೆಯ ಹಿರಿಯ ಮಿಸ್. ಮಾತು ಮುಗಿದ ಮೇಲೆ ಉಪನ್ಯಾಸಕರು ಕೇಳಿದರು, "ಚೆನ್ನಾಗಿ ಹೇಳಿದ್ರಿ. ಶಾಲೇಲಿ ನಿಮಗೇ ಇಂಥದ್ದೇನಾದ್ರೂ ಎದುರಾಗಿತ್ತಾ?"

ಅವಳು ಹಿರಿಯ ಮಿಸ್ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

"ಇಲ್ಲ ಸರ್."

"ಅದೃಷ್ಟ ಬಿಡಿ" ಎಂದರು ಉಪನ್ಯಾಸಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎದುರಾಗಿತ್ತು. ಹದಿನೆಂಟು ದಿನಗಳ ಹಿಂದೆ, ನಾಲ್ಕನೇ ತರಗತಿಯ ಚಿತ್ರಕಲೆಯ ಪೀರಿಯಡ್ಡಿನಲ್ಲಿ. ಬಡಕಲಾಗಿದ್ದುದಕ್ಕೆ ಮಕ್ಕಳೆಲ್ಲ 'ಕಡ್ಡಿ' ಎಂದು ಕರೆಯುತ್ತಿದ್ದ ಹುಡುಗಿ, ಬಣ್ಣದ ಬ್ರಷ್ ತೊಳೆಯಲು ನಲ್ಲಿಯ ಹತ್ತಿರ ತೋಳು ಮೇಲೆ ಸರಿಸಿದ್ದಳು. ಮೊಣಕೈಗಿಂತ ಮೇಲೆ, ಇಸ್ತ್ರಿಪೆಟ್ಟಿಗೆಯ ಚೂಪು ತುದಿ ಅಚ್ಚೊತ್ತಿದ ಹಾಗೆ ಸುಟ್ಟ ಗಾಯ.

"ಏನೇ ಇದು?"

"ಇಸ್ತ್ರಿಪೆಟ್ಟಿಗೆ ತಾಗ್ತು ಮಿಸ್."

"ಅಷ್ಟು ಮೇಲೆ ಹೇಗೆ ತಾಗುತ್ತೆ?"

ಕಡ್ಡಿ ನೀಲಿ ನೀರು ಹರಿದು ಹೋಗುವುದನ್ನೇ ನೋಡುತ್ತ ನಿಂತಳು. ಅವಳ ಅಪ್ಪ ಅಮ್ಮ ದೂರದ ಊರಿನಲ್ಲಿ ಕೆಲಸಕ್ಕಿದ್ದರು, ಅವಳಿದ್ದುದು ಚಿಕ್ಕಪ್ಪನ ಮನೆಯಲ್ಲಿ. "ಚಿಕ್ಕಪ್ಪ ಹಿಡ್ಕೊಂಡು ಇಟ್ರು" ಎಂದಳು. ಆಮೇಲೆ, "ಯಾರಿಗೂ ಹೇಳ್ಬೇಡಿ ಮಿಸ್."

"ಇಲ್ಲ ಕಣೇ, ಹೇಳಲ್ಲ" ಎಂದು ಅವಳು ಥಟ್ಟನೆ ಮಾತು ಕೊಟ್ಟುಬಿಟ್ಟಳು. ಮಗು ತನ್ನನ್ನು ನಂಬಿತಲ್ಲ ಎಂಬ ಹೆಮ್ಮೆಯೂ ಒಂದಿಷ್ಟಿತ್ತು. ಆದರೂ ಮನಸ್ಸು ತಡೆಯದೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹಿರಿಯ ಮಿಸ್ ಕಿವಿಗೆ ಹಾಕಿದ್ದಳು. ಅವರು ಊಟದ ಡಬ್ಬಿಯ ಮುಚ್ಚಳ ಒತ್ತುತ್ತ, "ನೋಡಮ್ಮ, ಮಕ್ಕಳು ಒಂದಕ್ಕೆರಡು ಸೇರಿಸಿ ಹೇಳ್ತಾವೆ. ನೀನು ಇನ್ನು ಮೂರು ವಾರ ಇದ್ದು ಹೋಗೋಳು. ಮನೆಯವರು ಬಂದು ರಂಪ ಮಾಡಿದ್ರೆ ಎದುರಿಸೋರು ನಾವು. ತಲೆಗೆ ಹಚ್ಕೋಬೇಡ" ಎಂದಿದ್ದರು. ಹೇಳಬೇಕಾದವರಿಗೆ ಹೇಳಿಯಾಯಿತಲ್ಲ ಎಂದು ಅವಳಿಗೆ ಹಗುರವಾಗಿತ್ತು. ಹಾಗೆ ಹಗುರವಾದದ್ದೇ ಈಗ ಅವಳನ್ನು ಕೊರೆಯುತ್ತಿತ್ತು.

ಕಾರಿಡಾರಿನಲ್ಲಿ ಹಿರಿಯ ಮಿಸ್ ಹಿಂದಿನಿಂದ ಬಂದು ಜೊತೆಯಾದರು. "ಪೂರ್ತಿ ಅಂಕ ಹಾಕಿದೀನಿ."

"ಮಿಸ್, ಆ ಹುಡುಗಿ ವಿಷಯ ನಾನು ಇವತ್ತೇ ಬರೆದು ಕೊಡ್ತೀನಿ."

ಅವರು ನಡಿಗೆ ನಿಧಾನ ಮಾಡಿದರು. "ಅದಕ್ಕೆ ಅಂತ ಇರೋ ಫಾರಂನಲ್ಲಿ 'ಗಮನಕ್ಕೆ ಬಂದ ದಿನಾಂಕ' ಅಂತ ಒಂದು ಕಾಲಂ ಇರುತ್ತೆ. ಅಲ್ಲಿ ಏನು ಬರೀತೀಯ?"

ಅವಳು ಮನಸ್ಸಿನಲ್ಲೇ ದಿನ ಎಣಿಸಿದಳು.

"ಇವತ್ತಿನ ದಿನಾಂಕ ಹಾಕು ಮಗಳೇ. ಹುಡುಗಿಗೆ ಆಗಬೇಕಾದ್ದು ಹೇಗಿದ್ರೂ ಆಗುತ್ತೆ. ನೀನೂ ಪಾಸಾಗ್ತೀಯ. ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಶಾಲೆಯ ಆಫೀಸಿನಲ್ಲಿ ಅವಳು ಉಳಿದ ಕಾಲಂಗಳನ್ನೆಲ್ಲ ತುಂಬಿ, ಆ ಒಂದನ್ನು ಖಾಲಿ ಬಿಟ್ಟು ಬಹಳ ಹೊತ್ತು ಕೂತಳು. ಕೊನೆಗೆ ಹದಿನೆಂಟು ದಿನ ಹಿಂದಿನ ದಿನಾಂಕವನ್ನೇ ಬರೆದಳು. ಅದೇ ದಿನ ಹಿರಿಯ ಮಿಸ್‌ಗೆ ಬಾಯಿಮಾತಿನಲ್ಲಿ ತಿಳಿಸಿದ್ದನ್ನೂ ಬರೆದಳು. ಹೆಡ್‌ಮಾಸ್ಟರ್ ಎರಡು ಸಲ ಓದಿದರು. "ದಿನಾಂಕ ಸರಿಯಾಗಿದೆಯಾ?"

"ಸರಿಯಾಗಿದೆ ಸರ್."

"ನಿಮ್ಮ ತರಬೇತಿ ಇಲ್ಲಿಗೇ ನಿಂತುಹೋಗಬಹುದು, ಗೊತ್ತಲ್ಲ?" ಎಂದು ಅವರು ಫೋನ್ ಎತ್ತಿಕೊಂಡರು.

ಶಾಲೆ ಬಿಡುವ ಮೊದಲೇ ಮಕ್ಕಳ ರಕ್ಷಣೆಯ ಕಚೇರಿಯಿಂದ ಇಬ್ಬರು ಹೆಂಗಸರು ಬಂದರು. ಜೊತೆಗೆ ಒಬ್ಬ ನರ್ಸ್. ಬಾಗಿಲು ಹಾಕಿಕೊಂಡು ಕಡ್ಡಿಯನ್ನು ನೋಡಿ ಹೊರಬಂದ ನರ್ಸ್, ಹೆಡ್‌ಮಾಸ್ಟರಿಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಮೂರು ಗಾಯ ಇವೆ ಸರ್. ಅದರಲ್ಲಿ ಹಳೇದು ಒಂದೇ. ಇನ್ನೆರಡು ಈ ವಾರದ್ದು." ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಹಿರಿಯ ಮಿಸ್ ಒಳಗೆ ಹೋಗಿ ಕೂತುಬಿಟ್ಟರು.

ಕಡ್ಡಿಯನ್ನು ಅಜ್ಜಿಯ ಮನೆಗೆ ಕಳಿಸುವುದೆಂದಾಯಿತು. ಆ ಹೆಂಗಸರ ಜೊತೆ ಹೊರಟವಳ ಎದುರು ಶಿಕ್ಷಕಿ ಮೊಣಕಾಲೂರಿ ಕೂತಳು. "ಹೇಳಲ್ಲ ಅಂತ ಮಾತು ಕೊಟ್ಟು ಹೇಳ್ಬಿಟ್ಟೆ. ನನ್ನ ಮೇಲೆ ಕೋಪಾನಾ?"

ಕಡ್ಡಿ ತಲೆಯಾಡಿಸಿದಳು. "ಇಲ್ಲ ಮಿಸ್. ನೀವು ಹೇಳೇ ಹೇಳ್ತೀರ ಅಂದ್ಕೊಂಡು, ಅವತ್ತು ಕೊನೇ ಬೆಲ್ ಹೊಡೆದ ಮೇಲೂ ಮನೆಗೆ ಹೋಗದೆ ತುಂಬಾ ಹೊತ್ತು ಗೇಟ್ ಹತ್ರಾನೇ ಕೂತಿದ್ದೆ."