ಬದುಕಿರುವವರ ಸಾಲಿನಲ್ಲಿ

ಆ ಬೆಳಗ್ಗೆಯೂ ಹ್ಯಾಮನ್ ಗುರು ಬಲಿಪೀಠದ ಮೆಟ್ಟಿಲ ಮೇಲೆ ನಿಂತು ಸುಳ್ಳು ಹೇಳಿದ. ಅಂತಿಂಥ ಸುಳ್ಳಲ್ಲ. ಸತ್ತು ಮಣ್ಣಾದವನನ್ನು ಬದುಕಿರುವವರ ಸಾಲಿನಲ್ಲಿ ನಿಲ್ಲಿಸಿ, "ಸಾಗರದಾಚೆ ಇರುವ ವಾರಿನ್‌ಗೆ ದೇವರು ಆಯುಸ್ಸು, ಆರೋಗ್ಯ ಕೊಡಲಿ" ಎಂದು ಗಂಟಲು ಬಿಟ್ಟು ಬೇಡಿದ. ಎದುರಿಗೆ ಮಂಡಿಯೂರಿದ್ದವಳು ಒಬ್ಬಳೇ, ವಾರಿನ್‌ನ ತಾಯಿ ಪೆಟ್ರೊನೆಲ್ಲಾ. ಅವಳು ಆಮೆನ್ ಎಂದಳು.

ಹಂಬರ್ ನದಿ ಕಡಲು ಸೇರುವ ಕಡೆ ಆ ಊರು. ಉಣ್ಣೆ ವ್ಯಾಪಾರಿಯಾಗಿದ್ದ ಅವಳ ಗಂಡ ಸಾಯುವ ಮುನ್ನ ಇಗರ್ಜಿಯ ಮೂಲೆಯಲ್ಲಿ ಪುಟ್ಟ ಪೂಜಾಕೋಣೆ ಕಟ್ಟಿಸಿ, ಹೊಲ ಉಂಬಳಿ ಬಿಟ್ಟು, ದಿನಾ ಬಲಿಪೂಜೆ ನಡೆಸಲು ಹ್ಯಾಮನ್‌ನನ್ನು ಇಟ್ಟಿದ್ದ. ತನ್ನ ಆತ್ಮಕ್ಕೆ ಸದ್ಗತಿ. ಗ್ಯಾಸ್ಕನಿಯ ಯುದ್ಧಕ್ಕೆ ಹೋದ ಒಬ್ಬನೇ ಮಗನಿಗೆ ಕ್ಷೇಮ. ಮೊದಲು ಬದುಕಿರುವವರ ಹೆಸರು, ಆಮೇಲೆ ಸತ್ತವರದು, ಎರಡನ್ನೂ ಊರಮಾತಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಂದು ಷರತ್ತನ್ನೂ ಹಾಕಿ, ಅದಕ್ಕೆ ಹೆಂಡತಿಯ ಕೈಯಲ್ಲಿ ಪ್ರಮಾಣ ಮಾಡಿಸಿಕೊಂಡಿದ್ದ. ಮಗ ಸತ್ತನೆಂದು ಅವಳ ಕಿವಿಗೆ ಬಿದ್ದ ದಿನವೇ ಹೊಲ, ಗುರುವಿನ ಮನೆ ಎಲ್ಲವೂ ಮಠಕ್ಕೆ ಸೇರಬೇಕು. ಮುಂದಿನ ಪೂಜೆಯೆಲ್ಲ ಮಠದವರದು.

ಆ ಸುದ್ದಿ ಹೋದ ವಸಂತದಲ್ಲೇ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಬಂದಿತ್ತು. ತಂದವನು ಗಿಬ್ ಎಂಬ ನಾವಿಕ. ಅವನಿಗೆ ಎದುರಾದದ್ದು ಹ್ಯಾಮನ್. ಜ್ವರ ಬಂದು ದಂಡಿನಲ್ಲೇ ಹೋದನಂತೆ ಹುಡುಗ, ಅದೂ ಎಂದೋ. ತಾಯಿಗೆ ಹೇಳಬೇಡ, ನಾನೇ ಹದ ನೋಡಿ ಹೇಳುತ್ತೇನೆ ಎಂದು ಹ್ಯಾಮನ್ ಗಿಬ್‌ನನ್ನು ಹಡಗು ಹತ್ತಿಸಿದ. ಹದ ಬರಲೇ ಇಲ್ಲ. ಸುಗ್ಗಿ ಮುಗಿದು ಮಂಜು ಬೀಳತೊಡಗಿದರೂ ಬರಲಿಲ್ಲ.

ಹ್ಯಾಮನ್‌ಗೆ ಹಿಂದಿಲ್ಲ ಮುಂದಿಲ್ಲ. ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಪೆಟ್ರೊನೆಲ್ಲಾ ಬಿಚ್ಚುವ ಬಾರ್ಲಿ ರೊಟ್ಟಿ, ಉಪ್ಪುಮೀನಿನ ಗಂಟಿನ ಮುಂದೆ ಕೂತು ಆಡುವ ನಾಲ್ಕು ಮಾತೇ ಅವನ ಇಡೀ ದಿನದ ಮಾತು. ಬುಧವಾರ ಅದೂ ಇಲ್ಲ. ಅಂದು ಅವಳು ಅಕ್ಕನ ಮಗಳನ್ನು ನೋಡಬೇಕೆಂದು ಹೇಳಿ ನದಿಯಾಚೆ ಹೋಗುತ್ತಾಳೆ. ಆ ದಿನ ಅವನು ಮನೆಯ ಬೆಕ್ಕಿಗೆ ಹವೆಯ ಸುದ್ದಿ ಹೇಳುತ್ತಾನೆ. ಬೆಕ್ಕು ಎದ್ದು ಹೋಗುತ್ತದೆ.

ಮಠದ ಪಾರುಪತ್ತೆಗಾರ ಸಿಮ್ಕಿನ್ ಆಗಾಗ ಬಂದು ಬಾಗಿಲಲ್ಲಿ ಕಿವಿ ನೆಟ್ಟು ನಿಲ್ಲುತ್ತಿದ್ದ. ಹೊಲದ ಮೇಲೆ ಅವನಿಗೆ ಕಣ್ಣು. "ಗುರು ಒಬ್ರು, ಭಕ್ತೆ ಒಬ್ಳು," ಎಂದು ಒಮ್ಮೆ ಹಂಗಿಸಿದ, "ದೇವ್ರೇ ಸಂಕೋಚಪಟ್ಕೊಂಡು ಆಚೆ ನಿಂತಿರ್ತಾನೆ."

ಪೆಟ್ರೊನೆಲ್ಲಾ ಅವನತ್ತ ತಿರುಗಿಯೂ ನೋಡಲಿಲ್ಲ. "ಗುರುಗಳೇ, ನಾಳೆಯಿಂದ ನನ್ನ ಮಗನ ಹೆಸರು ಸ್ವಲ್ಪ ಗಟ್ಟಿಯಾಗಿ ಹೇಳಿ," ಎಂದಳು. "ಬಾಗಿಲ ಹತ್ರ ನಿಂತೋರ್ಗೂ ಕೇಳ್ಬೇಕು."

ಹ್ಯಾಮನ್ ಆಗಲಿ ಎಂದು ತಲೆಯಾಡಿಸಿದ. ಎಂಥ ನಂಬಿಕೆ ಈ ಹೆಂಗಸಿನದು! ಹಡಗು ಬಂತೆಂದರೆ ಊರಿನ ತಾಯಂದಿರೆಲ್ಲ ಬಂದರಿಗೆ ಓಡುತ್ತಾರೆ. ಇವಳು ಕೂತಲ್ಲಿಂದ ಏಳುವುದಿಲ್ಲ.

ಪೂಜೆಯಲ್ಲಿ ತುಟಿ ಅಲ್ಲಾಡಿಸದೆ ಬೇಡುವ ಒಂದು ಗಳಿಗೆ ಇದೆ. ಅಲ್ಲಿ ಹ್ಯಾಮನ್ ವಾರಿನ್‌ನನ್ನು ಸತ್ತವರ ಜೊತೆ ಸೇರಿಸುತ್ತಿದ್ದ. ಆದರೆ ಕದ್ದು ಬೇಡಿದ್ದು ಎಷ್ಟು ದೂರ ಹೋದೀತು? ಸತ್ತವರ ಪಾಪ ಸುಡುವ ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತಿರುವ ಹುಡುಗನಿಗೆ ತಣ್ಣೀರು ಎರೆಯುವುದು ತಾಯಿಯ ಪ್ರಾರ್ಥನೆ. ಆ ತಾಯಿಗೆ ಅವನು ಸತ್ತದ್ದೇ ಗೊತ್ತಿಲ್ಲ. ಗೊತ್ತಾಗದಂತೆ ಅಡ್ಡ ನಿಂತವನು ತಾನು. ಅವಳ ಎದೆ ಒಡೆಯದಿರಲಿ ಅಂತ ಸುಮ್ಮನಿದ್ದೇನೆ ಎಂದುಕೊಳ್ಳುವನು. ಅವಳ ಎದೆಯೋ, ನಿನ್ನ ಸೂರೋ ಎಂದು ಮನಸ್ಸು ಕುಟುಕುವುದು. ಎರಡೂ ಅಲ್ಲ, ಆ ಜಗಲಿಯನ್ನು ಬಿಟ್ಟು ಬದುಕಲಾರೆ ಎಂಬುದೇ ನಿಜ ಎಂದು ಹೊಳೆದ ದಿನ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಒಬ್ಬಂಟಿತನ ಅಂದರೆ ಇಷ್ಟೊಂದು ಕೆಟ್ಟದ್ದು ಮಾಡಿಸುತ್ತದೆಯೇ?

ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡ. ಅದಕ್ಕೆ ಮೊದಲು ಪಾಪನಿವೇದನೆ ಆಗಬೇಕು. ಊರ ಇಗರ್ಜಿಯ ಹಿರಿಯ ಗುರು ಮಠದ ಕಡೆಯವನು, ಅವನ ಮುಂದೆ ಬಾಯಿ ಬಿಟ್ಟರೆ ಸಿಮ್ಕಿನ್‌ಗೆ ಬಾಯಿ ಬಿಟ್ಟಂತೆ. ಹೇಗೂ ಬುಧವಾರ. ದೋಣಿ ಹತ್ತಿ ನದಿಯಾಚೆಯ ಬೂದು ನಿಲುವಂಗಿಯ ಸನ್ಯಾಸಿಗಳ ಆಶ್ರಮಕ್ಕೆ ಹೋದ.

ಒಳಗೆ ಪೂಜೆ ನಡೆದಿತ್ತು. ಕಪ್ಪು ಬಟ್ಟೆ ಹೊದಿಸಿದ ಚಟ್ಟವೊಂದು ನಡುವೆ ಇತ್ತು. ಮೇಲೆ ಹೆಣವಿಲ್ಲ. ದೂರದಲ್ಲಿ ಸತ್ತು ಅಲ್ಲೇ ಹೂಳಲ್ಪಟ್ಟವರಿಗೆ ಹಾಗೆ ಮಾಡುವುದು ವಾಡಿಕೆ. ಪಕ್ಕದಲ್ಲಿ ಮುಸುಕು ಹಾಕಿದ ಹೆಂಗಸೊಬ್ಬಳು ನೆಲಕ್ಕೆ ಹಣೆ ಹಚ್ಚಿದ್ದಳು. ಹ್ಯಾಮನ್ ಹಿಂದೆ ನಿಂತು, ಬಾಗಿಲು ಕಾಯುವ ಮುದಿ ಸನ್ಯಾಸಿಯನ್ನು ಯಾರದೆಂದು ಪಿಸುಮಾತಿನಲ್ಲಿ ಕೇಳಿದ.

"ಗ್ಯಾಸ್ಕನೀಲಿ ಹೋದ ಹುಡುಗಂದು," ಎಂದ ಮುದುಕ. "ಆಯಮ್ಮ ಪ್ರತಿ ಬುಧವಾರ ಬರ್ತಾಳೆ. ಇದು ನಾಲ್ಕನೇ ಚಳಿಗಾಲ."

ಹೆಂಗಸು ಎದ್ದು ತಿರುಗಿದಳು. ಪೆಟ್ರೊನೆಲ್ಲಾ. ಕಣ್ಣು ಕೆಂಪಗಿದ್ದವು. ಹ್ಯಾಮನ್‌ನನ್ನು ಕಂಡು ಬೆಚ್ಚಲಿಲ್ಲ, ದಣಿದವಳಂತೆ ಹತ್ತಿರ ಬಂದಳು. ಅವನು ತಡವರಿಸುತ್ತ, "ಅಮ್ಮಾ, ವಾರಿನ್ ವಿಷಯ ನಾನು ನಿಮ್ಗೆ..." ಎಂದ.

"ಹೇಳ್ಬೇಡಿ ಗುರುಗಳೇ," ಎಂದಳು ಅವಳು. "ನೀವು ಬಾಯಿಬಿಟ್ಟು ಹೇಳಿದ್ರೆ, ನಾನು ಕೇಳಿಸ್ಕೊಂಡೆ ಅಂತ ಒಪ್ಕೊಂಡು ನಿಮ್ಮನ್ನ ಕಳಿಸ್ಬೇಕಾಗುತ್ತೆ, ಆಮೇಲೆ ಈ ಭೂಮಿ ಮೇಲೆ ನನಗೆ ಇನ್ಯಾರಿದ್ದಾರೆ?"