ಅಂಗಳದ ಹಗ್ಗ

ಹೊಸ ಸೊಸೆ ಶಾರವ್ವ ಮುಟ್ಟಿನ ಬಟ್ಟೆಯನ್ನು ಹಿತ್ತಲಲ್ಲಿ, ಸೀರೆಯ ಅಡಿ ಮುಚ್ಚಿ ಒಣಹಾಕಿದ್ದು ಕಂಡು ಫಕೀರವ್ವನ ಪಿತ್ತ ನೆತ್ತಿಗೇರಿತು.

"ಕದ್ದ ಮಾಲೇನ ಅದು? ಅಂಗಳದಾಗ ಹಾಕು, ಬಿಸಿಲು ಬೀಳ್ಲಿ!"

ಓಣಿಯ ಎಲ್ಲ ಮನೆಗಳ ಮುಂದೂ ಅಂಥವೇ, ರೋಗ ಪತ್ತೆಹಚ್ಚುವ ಬಟ್ಟೆಗಳು ಹಾರಾಡುತ್ತಿದ್ದವು; ರಕ್ತದಲ್ಲಿ ಕ್ಯಾನ್ಸರಿನ ಸುಳಿವಿದ್ದರೆ ಬಿಸಿಲಿಗೆ ಅವುಗಳ ಅಂಚು ನೀಲಿಯಾಗುತ್ತಿತ್ತು. ಶಾರವ್ವ ತಲೆ ತಗ್ಗಿಸಿ ತಂದು ಅಂಗಳದ ಹಗ್ಗದ ಮೇಲೆ ಹರವಿದಳು. ನೋಡನೋಡುತ್ತಲೇ ಬಟ್ಟೆಯ ಅಂಚು ನೀಲಿಗೆ ತಿರುಗಿತು. ಗರ್ಭಕೋಶದ ಕ್ಯಾನ್ಸರಿನ ಗುರುತಾದ ಆರ್‌ಎನ್‌ಎ ಅವಳ ರಕ್ತದಲ್ಲಿತ್ತು.

ಅವಳು ನೀಲಿ ಅಂಚನ್ನು ಬೆರಳಿನಿಂದ ಮುಟ್ಟಿದಳು. "ನಮ್ಮವ್ವ ಇದ ರೋಗ ಮುಚ್ಚಿಟ್ಟ ಸತ್ತಳ್ರಿ, ಅತ್ತಿ."

"ನೀ ಸಾಯಂಗಿಲ್ಲ. ಎಳ್ಳಕಾಳಿನಷ್ಟ ಇದ್ದಾಗನ ಸಿಕ್ಕೇತಿ. ನಾಳೆ ದವಾಖಾನಿಗೆ ಹೋಗೂಣು."

ಫಕೀರವ್ವ ಒಳಗೆ ಹೋಗಿ, ಟ್ರಂಕಿನಲ್ಲಿ ಮದುವೆ ಸೀರೆಯ ಜೊತೆ ಇಪ್ಪತ್ತು ವರ್ಷದಿಂದ ಜೋಪಾನ ಮಾಡಿದ್ದ ತನ್ನ ನೀಲಿಯಂಚಿನ ಬಟ್ಟೆ ತಂದು ಪಕ್ಕದಲ್ಲೇ ಹಾಕಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಬರ್ರೆವಾ, ನೋಡ್ರಿ! ಈ ಮನ್ಯಾಗ ಹೊಟ್ಟ್ಯಾಗಿನ ಕಳ್ಳನ್ನ ಹಿಡದಾಕಿ ನಾ ಒಬ್ಬಾಕೀನ ಇದ್ದೆ. ಈಗ ನಮ್ಮ ಸೊಸಿನೂ ಹಿಡದಾಳ!"